ಹುಳಿ ನೀರನ್ನು ಹದಕ್ಕೆ ತರುವ ನಾಡು

ಜರ್ಮನಿಯ ಬರ್ಲಿನ್‌ಗೂ ಡ್ರೆಸ್ಡೆನ್‌ಗೂ ನಡುವೆ ಇರುವ ಲೌಸಿಟ್ಸ್ ಸೀಮೆಯ ಹಳೆಯ ನಕ್ಷೆಯನ್ನೂ ಇವತ್ತಿನ ನಕ್ಷೆಯನ್ನೂ ಅಕ್ಕಪಕ್ಕ ಹರಡಿದರೆ, ಎರಡೂ ಒಂದೇ ನಾಡಿನವೆಂದು ನಂಬುವುದು ಕಷ್ಟ. ಮೊದಲನೆಯದರಲ್ಲಿ ಹೊಲ, ಪೈನ್ ಕಾಡು, ಪುಟ್ಟ ಹಳ್ಳಿಗಳು. ಎರಡನೆಯದರಲ್ಲಿ ಸಾಲು ಸಾಲು ವಿಶಾಲ ಕೆರೆಗಳು. ನೀರಿಗಾಗಿ ತೋಡಿದ ಕೆರೆಗಳಲ್ಲ ಇವು. ಕಂದು ಕಲ್ಲಿದ್ದಲಿಗಾಗಿ ನೆಲ ಬಗೆದು, ಅದು ಮುಗಿದ ಮೇಲೆ ಉಳಿದ ಗುಂಡಿಗಳು.

ಪೂರ್ವ ಜರ್ಮನಿಯ ವಿದ್ಯುತ್ ಸ್ಥಾವರಗಳೂ ಮನೆಯ ಒಲೆಗಳೂ ಉರಿದದ್ದು ಈ ಕಲ್ಲಿದ್ದಲಿನಿಂದ. ಅದಕ್ಕಾಗಿ ನೂರಕ್ಕೂ ಹೆಚ್ಚು ಊರುಗಳನ್ನು ಕೆಡವಿದರು. ಅವುಗಳಲ್ಲಿ ಅನೇಕವು ಸೋರ್ಬ್ ಎಂಬ ಸಣ್ಣ ಸ್ಲಾವ್ ಸಮುದಾಯದವು. ಊರಿನ ಜೊತೆ ಅವರ ಭಾಷೆಯ ನೆಲೆಯೂ ಹೋಯಿತು. ಯಾವ ಕೆರೆಯೂ ಆ ನಷ್ಟವನ್ನು ತುಂಬಿಕೊಡಲಾರದು. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ಪಾಳುಬಿದ್ದ ನೆಲವನ್ನು ಸರಿಪಡಿಸುವ ಹೊಣೆಯನ್ನು ಎಲ್‌ಎಂಬಿವಿ ಎಂಬ ಸರ್ಕಾರಿ ಕಂಪನಿ ಹೊತ್ತಿತು. ಅದರ ಕಚೇರಿ ಇರುವುದು ಸೆನ್‌ಫ್ಟೆನ್‌ಬರ್ಗ್ ಪಟ್ಟಣದಲ್ಲಿ.

ಈ ಕೆಲಸದ ಮೊದಲ ದೊಡ್ಡ ಪಾಠವೂ ಅದೇ ಪಟ್ಟಣದ್ದು. ಅಲ್ಲಿನ ನೀಮ್ಚ್ ಗಣಿಯಲ್ಲಿ ಕಲ್ಲಿದ್ದಲು ತೆಗೆಯುವುದು 1966ರಲ್ಲಿ ನಿಂತಿತು. ಮರುವರ್ಷ ಶ್ವಾರ್ತ್ಸೆ ಎಲ್ಸ್ಟರ್ ನದಿಯ ನೀರನ್ನು ಗುಂಡಿಗೆ ತಿರುಗಿಸಿದರು. 1972ರ ಹೊತ್ತಿಗೆ ಕೆರೆ ತುಂಬಿತು. 1973ರಲ್ಲಿ ಜನ ಅದರ ದಡದಲ್ಲಿ ಈಜತೊಡಗಿದರು. ನೆರೆ ಬಂದಾಗ ನೀರು ಹಿಡಿದಿಟ್ಟು, ಬೇಸಿಗೆಯಲ್ಲಿ ನದಿಗೆ ಮರಳಿ ಬಿಡುವ ಜಲಾಶಯವೂ ಅದೇ. ಗಣಿಗುಂಡಿಗಳನ್ನು ಕೆರೆಗಳ ಸರಣಿಯಾಗಿ ಕಂಡು, ಅದಕ್ಕೆ ತಕ್ಕಂತೆ ಯೋಜನೆ ಹಾಕಿದವರು ಭೂದೃಶ್ಯ ವಿನ್ಯಾಸಕಾರ ಓಟೊ ರಿಂಟ್.

ನದಿಯ ನೀರೇ ಏಕೆ ಬೇಕಿತ್ತು? ಗಣಿಯನ್ನು ಒಣಗಿಸಿಡುವ ಪಂಪು ನಿಲ್ಲಿಸಿದರೆ ಅಂತರ್ಜಲವೇ ಮೇಲೆದ್ದು ಗುಂಡಿ ತುಂಬುತ್ತದೆ. ಆದರೆ ಅದಕ್ಕೆ ದಶಕಗಳು ಬೇಕು, ಬರುವ ನೀರೂ ಒಳ್ಳೆಯದಲ್ಲ. ಕಲ್ಲಿದ್ದಲಿನ ಪದರಗಳ ನಡುವೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುತ್ತದೆ. ನೆಲದಡಿಯಲ್ಲಿ ಇರುವಷ್ಟು ಕಾಲ ಅದು ತೆಪ್ಪಗಿರುತ್ತದೆ. ಅಗೆದು ಗಾಳಿಗೆ ಒಡ್ಡಿ, ಮೇಲೆ ನೀರು ತಾಗಿಸಿದರೆ ಗಂಧಕಾಮ್ಲವೂ ಕರಗಿದ ಕಬ್ಬಿಣವೂ ಹುಟ್ಟುತ್ತವೆ. ಹಾಗೆ ತುಂಬಿದ ಕೆಲವು ಕೆರೆಗಳ ಪಿಎಚ್ 3ರ ಆಸುಪಾಸಿಗೆ ಇಳಿದಿತ್ತು. ಅಂಥ ನೀರಲ್ಲಿ ಮೀನು ಬದುಕದು. ನದಿ ನೀರನ್ನು ಬೇಗ ಹರಿಸಿದರೆ ಕೆರೆಯ ಮಟ್ಟ ಸುತ್ತಲಿನ ಅಂತರ್ಜಲಕ್ಕಿಂತ ಎತ್ತರದಲ್ಲಿ ನಿಂತು, ಹುಳಿ ನೀರು ಒಳಗೆ ನುಗ್ಗದಂತೆ ಹೊರಕ್ಕೆ ಒತ್ತುತ್ತದೆ. ಸಡಿಲ ದಂಡೆಗೂ ಅದೇ ಆಸರೆ.

ಅಷ್ಟಾದರೂ ಹುಳಿ ಉಳಿದ ಕೆರೆಗಳಿಗೆ ಸುಣ್ಣವೇ ಮದ್ದು. ಮಲೆನಾಡಿನ ಅಡಿಕೆ ಬೆಳೆಗಾರರು ತೋಟದ ಹುಳಿ ಮಣ್ಣಿಗೆ ಸುಣ್ಣ ಎರಚುವಂತೆ ಇಲ್ಲಿ ಕೆರೆಗೇ ಸುಣ್ಣ. ಅದಕ್ಕೆಂದೇ ಕಟ್ಟಿಸಿದ ಹಡಗೊಂದು ಸುಣ್ಣದ ಪುಡಿಯನ್ನು ನೀರಿಗೆ ಕಲಸಿ ಹರಡುತ್ತಾ ಕೆರೆಯಲ್ಲಿ ಓಡಾಡುತ್ತದೆ. ಅದರ ಹೆಸರು ಬಾರ್ಬರಾ. ಗಣಿ ಕಾರ್ಮಿಕರು ತಮ್ಮ ರಕ್ಷಕಿ ಎಂದು ನಂಬುವ ಸಂತಳ ಹೆಸರೂ ಅದೇ. ಒಮ್ಮೆ ಹದಕ್ಕೆ ಬಂತೆಂದು ಕೈಬಿಡುವಂತಿಲ್ಲ. ಸುತ್ತಲಿನ ಮಣ್ಣಿನಿಂದ ಆಮ್ಲ ಒಸರುತ್ತಲೇ ಇರುತ್ತದೆ, ಹಡಗು ಮತ್ತೆ ಬರಬೇಕು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತಾಳ್ಮೆ.

ದಂಡೆಗಳನ್ನೂ ಪೂರ್ತಿ ನಂಬುವಂತಿಲ್ಲ. ಗುಂಡಿಯ ಸುತ್ತ ಸುರಿದ ಮಣ್ಣು ಬಹುಪಾಲು ಮರಳು. ಅಂತರ್ಜಲ ಏರಿದಾಗ ಅದು ಒಮ್ಮೆಲೇ ಕೆಸರಾಗಿ ಹರಿದುಬಿಡಬಹುದು. 2010ರ ಅಕ್ಟೋಬರ್‌ನಲ್ಲಿ ಶ್ಪ್ರೇಟಾಲ್ ಬಳಿ ಹೀಗೆ ನೆಲ ಜಾರಿ ಲಾರಿಗಳನ್ನೂ ಕುರಿಗಳನ್ನೂ ನುಂಗಿತು. ಸೆನ್‌ಫ್ಟೆನ್‌ಬರ್ಗ್ ಕೆರೆಯ ನಡುಗಡ್ಡೆಯ ದಂಡೆ, ನೀರು ತುಂಬಿ ನಾಲ್ಕು ದಶಕ ದಾಟಿದ ಮೇಲೆ, 2018ರಲ್ಲಿ ಕುಸಿಯಿತು. ಅದಕ್ಕೇ ಕಂಪಿಸುವ ಉಕ್ಕಿನ ಸರಳುಗಳನ್ನು ಆಳಕ್ಕೆ ಇಳಿಸಿ ಮಣ್ಣನ್ನು ಗಟ್ಟಿ ಮಾಡುವ ಕೆಲಸ ಇನ್ನೂ ನಡೆದಿದೆ.

ಈ ನೀರಿನ ಜೊತೆ ಬರ್ಲಿನ್ ನಗರದ ನಂಟೂ ಇದೆ. ಅಲ್ಲಿನ ಕುಡಿಯುವ ನೀರಿನ ಹೆಚ್ಚಿನ ಪಾಲು ನದಿ, ಕೆರೆಗಳ ದಡದ ಬಾವಿಗಳಿಂದ ಬರುತ್ತದೆ; ನದಿಯ ನೀರು ಮರಳಿನಲ್ಲಿ ಇಂಗಿ, ಸೋಸಿಕೊಂಡು ಬಾವಿ ಸೇರುತ್ತದೆ. ಲೌಸಿಟ್ಸ್ ದಾಟಿ ಬರುವ ಶ್ಪ್ರೇ ನದಿ ಅದರ ಮುಖ್ಯ ಮೂಲಗಳಲ್ಲಿ ಒಂದು. ಹಳೆಯ ಗಣಿ ನೆಲದಿಂದ ಒಸರುವ ಕಬ್ಬಿಣ ಈ ನದಿಯನ್ನು ಅಲ್ಲಲ್ಲಿ ಕಂದಾಗಿಸಿದೆ. ಸ್ಪ್ರೆಂಬರ್ಗ್ ಅಣೆಕಟ್ಟಿನ ಮೇಲ್ಗಡೆ ಸುಣ್ಣವನ್ನೂ ಕಬ್ಬಿಣವನ್ನು ಗಂಟುಗಟ್ಟಿಸುವ ರಾಸಾಯನಿಕವನ್ನೂ ಬೆರೆಸಿ, ಜಲಾಶಯದ ತಳದಲ್ಲೇ ಅದನ್ನು ಕೂರಿಸುತ್ತಾರೆ. ಗಂಧಕಾಮ್ಲದ ಜೊತೆ ಬರುವ ಸಲ್ಫೇಟ್ ಮಾತ್ರ ಸುಣ್ಣಕ್ಕೆ ಬಗ್ಗುವುದಿಲ್ಲ. ಜರ್ಮನಿಯಲ್ಲಿ ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 250 ಮಿಲಿಗ್ರಾಂ. ಆ ಗೆರೆ ದಾಟದಿರಲು ನದಿಯಲ್ಲಿ ಸಾಕಷ್ಟು ಒಳ್ಳೆಯ ನೀರು ಬೆರೆಯಬೇಕು. 2018ರಿಂದ ಮೇಲಿಂದ ಮೇಲೆ ಬಂದ ಒಣ ಬೇಸಿಗೆಗಳಲ್ಲಿ ಬೇರ್ವಾಲ್ಡೆಯಂಥ ಹಳೆಯ ಗಣಿ ಜಲಾಶಯಗಳಿಂದ ನೀರು ಬಿಟ್ಟೇ ಶ್ಪ್ರೇಯನ್ನು ಹರಿಸಿದರು.

ಕೊಟ್‌ಬುಸ್ ನಗರದ ಪಕ್ಕದ ಗಣಿ 2015ರಲ್ಲಿ ನಿಂತು, 2019ರಲ್ಲಿ ಅದಕ್ಕೆ ನೀರು ಬಿಡಲು ತೊಡಗಿದರು. ಸುಮಾರು 19 ಚದರ ಕಿಲೋಮೀಟರ್‌ನ ಈ ಕೆರೆಗೆ ನದಿಯಲ್ಲಿ ಹೆಚ್ಚುವರಿ ನೀರಿದ್ದಾಗ ಮಾತ್ರ ಪಾಲು. ಇಷ್ಟು ಅಗಲದ ನೀರು ಬಿಸಿಲಿಗೆ ಆವಿಯಾಗುವುದೂ ಸಣ್ಣ ಲೆಕ್ಕವಲ್ಲ. ಇನ್ನೊಂದು ಚಿಂತೆ ಅದಕ್ಕಿಂತ ದೊಡ್ಡದು: ಈಗ ನಡೆಯುತ್ತಿರುವ ಗಣಿಗಳು ಹೊರಹಾಕುವ ಅಂತರ್ಜಲವೇ ಬೇಸಿಗೆಯ ಶ್ಪ್ರೇಗೆ ಬಹುದೊಡ್ಡ ಆಸರೆ. ಜರ್ಮನಿ ತಡವೆಂದರೆ 2038ಕ್ಕೆ ಕಲ್ಲಿದ್ದಲು ಬಿಡಬೇಕೆಂಬ ಕಾಯ್ದೆ ಮಾಡಿಕೊಂಡಿದೆ. ಪಂಪುಗಳು ನಿಂತ ಮೇಲೆ ಎಲ್ಬೆ ನದಿಯಿಂದ ಇತ್ತ ನೀರು ತಿರುಗಿಸಬಹುದೇ ಎಂದು ಅಲ್ಲಿನ ಸರ್ಕಾರಗಳು ಈಗಾಗಲೇ ಲೆಕ್ಕ ಹಾಕುತ್ತಿವೆ.