ಮೂರು ಮಿಲಿಮೀಟರ್ ಮರದ ದನಿ

ವೀಣೆಯ ಕೊಡವನ್ನು ಹಲಸಿನ ದಿಮ್ಮಿ ತೋಡಿ ಮಾಡುತ್ತಾರೆ. ಗಿಟಾರ್‌ನ ಒಡಲು ಹಾಗಲ್ಲ. ಅದು ತೆಳು ಹಲಗೆಗಳನ್ನು ಬಗ್ಗಿಸಿ ಅಂಟಿಸಿದ ಪೆಟ್ಟಿಗೆ. ಮುಂಭಾಗದ ಹಲಗೆ ಹೆಚ್ಚೆಂದರೆ 3 ಮಿ.ಮೀ. ದಪ್ಪ, ಪಕ್ಕದ ಪಟ್ಟಿಗಳು ಸುಮಾರು 2 ಮಿ.ಮೀ. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಸೆಳೆತ 70 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಹಲಗೆಯನ್ನು ದಪ್ಪ ಬಿಟ್ಟರೆ ದನಿ ಹೊರಡುವುದಿಲ್ಲ. ತೀರಾ ಕೀಸಿದರೆ ಅದು ಉಬ್ಬಿ, ತಂತಿ ಹೊತ್ತ ಕುದುರೆಯೇ ಕಿತ್ತು ಬರುತ್ತದೆ. ಗಿಟಾರ್ ಮಾಡಲು ಕಲಿಯುವವರು ಕೈಗೆ ತಂದುಕೊಳ್ಳಬೇಕಾದದ್ದು ಈ ಎರಡರ ನಡುವಿನ ಹದ.

ದನಿಯ ಹೆಚ್ಚಿನ ಪಾಲು ಮುಂಭಾಗದ ಹಲಗೆಯದೇ ಎಂಬುದನ್ನು ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲೇ ಮಾಡಿ ತೋರಿಸಿದ. ಅವನು ಹಿಂಭಾಗ ಮತ್ತು ಪಕ್ಕಗಳನ್ನು ಅಂಟುಕಾಗದದ ರಟ್ಟಿನಲ್ಲಿ ಮಾಡಿ, ಮುಂಭಾಗಕ್ಕೆ ಮಾತ್ರ ಮರ ಹಾಕಿದ. ಆ ಗಿಟಾರ್ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಹಲಗೆಯ ಒಳಮೈಗೆ ಬೀಸಣಿಗೆಯಂತೆ ಹರಡಿದ ಸಣ್ಣ ಆಧಾರಪಟ್ಟಿಗಳನ್ನು ಅಂಟಿಸುವ ಕ್ರಮಕ್ಕೆ ಖಚಿತ ರೂಪ ಕೊಟ್ಟವನೂ ಅವನೇ. ನೈಲಾನ್ ತಂತಿಯ ಗಿಟಾರ್‌ಗಳಲ್ಲಿ ಇಂದಿಗೂ ಅದೇ ಕ್ರಮ. ಉಕ್ಕಿನ ತಂತಿಯ ಬಿಗಿತಕ್ಕೆ ಅದು ಸಾಲದು. ಅಲ್ಲಿ ಎರಡು ದಪ್ಪ ಪಟ್ಟಿಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. 1833ರಲ್ಲಿ ಅಮೆರಿಕದಲ್ಲಿ ಆರಂಭವಾದ ಮಾರ್ಟಿನ್ ಕಂಪನಿಯ ಗಿಟಾರ್‌ಗಳಿಂದ ಈ ವಿನ್ಯಾಸ ಹೆಸರಾಯಿತು.

ಮುಂಭಾಗಕ್ಕೆ ಸ್ಪ್ರೂಸ್ ಇಲ್ಲವೇ ಸೀಡರ್ ಮರ. ಹಗುರವಾಗಿದ್ದೂ ಎಳೆಯುದ್ದಕ್ಕೆ ಬಾಗದ ಬಿಗಿ ಇವುಗಳ ಗುಣ. ಹಲಗೆಯ ತುದಿಯಲ್ಲಿ ವರ್ಷದ ಉಂಗುರಗಳು ಮೈಗೆ ನೇರ ಲಂಬವಾಗಿ ಕಾಣಬೇಕು. ಹಾಗೆ ಸೀಳಿದ ಮರ ಕಡಿಮೆ ಸೊಟ್ಟಗಾಗುತ್ತದೆ. ಒಂದೇ ತುಂಡನ್ನು ಪುಸ್ತಕದಂತೆ ಬಿಡಿಸಿ ಎರಡು ಹೋಳುಗಳನ್ನು ನಡುವೆ ಜೋಡಿಸುತ್ತಾರೆ. ಹಿಂಭಾಗಕ್ಕೆ ಮತ್ತು ಪಕ್ಕಗಳಿಗೆ ಜಗತ್ತಿನಾದ್ಯಂತ ಹೆಸರಾದದ್ದು ನಮ್ಮ ಮಲೆನಾಡು, ಕೊಡಗುಗಳಲ್ಲಿ ಬೆಳೆಯುವ ಬೀಟೆ. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಹಾಗೆಂದು ಮೊದಲ ಗಿಟಾರ್‌ಗೇ ಬೀಟೆ ಬೇಡ. ಮಹಾಗನಿ ಅಗ್ಗ, ತಪ್ಪನ್ನೂ ಒಂದಿಷ್ಟು ಸಹಿಸುತ್ತದೆ.

ಬಗ್ಗಿಸಿದ ಪಕ್ಕಗಳು, ತೋಡು ಕೊರೆದ ಬೆರಳುಹಲಗೆ ಇರುವ ಸಿದ್ಧ ಕಿಟ್‌ಗಳು ಸಿಗುತ್ತವೆ. ಅವುಗಳಿಂದ ಆರಂಭಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಆಧಾರಪಟ್ಟಿಗಳನ್ನು ಮಾತ್ರ ಸ್ವಂತ ಕೈಯಲ್ಲೇ ಕೆತ್ತಬೇಕು. ಅವನ್ನು ತುಸು ತುಸುವೇ ಕೆತ್ತುತ್ತ, ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ಗೆಣ್ಣಿನಿಂದ ತಟ್ಟಿ ಕೇಳುತ್ತ, ಅಂಗೈಯಿಂದ ಅದುಮಿ ಬಾಗುವಿಕೆ ನೋಡುತ್ತ ಹೋದರೆ ಮಂಕಾದ ಸದ್ದು ತುಂಬುದನಿಯಾಗುವುದು ಕಿವಿಗೆ ತಿಳಿಯುತ್ತದೆ. ಹರಿತವಾದ ಉಳಿ, ಸಣ್ಣ ಕೀಸುಳಿ, ತೆಳು ಗರಗಸ, ಉಕ್ಕಿನ ನೇರಪಟ್ಟಿ, ದಪ್ಪ ಅಳೆಯುವ ಕ್ಯಾಲಿಪರ್ ಬೇಕೇಬೇಕು. ಕ್ಲಾಂಪ್‌ಗಳು ಎಷ್ಟಿದ್ದರೂ ಸಾಲವು.

ಉಪಕರಣಕ್ಕಿಂತ ಮೊದಲು ಕೊಳ್ಳಬೇಕಾದದ್ದು ಗಾಳಿಯ ತೇವ ಅಳೆಯುವ ಮೀಟರ್. ಮರ ಎಳೆಯುದ್ದಕ್ಕೆ ಬಹುತೇಕ ಬದಲಾಗದು, ಅಡ್ಡಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹಿಗ್ಗಿದ ಹಲಗೆಗೆ ಅಡ್ಡಪಟ್ಟಿ ಅಂಟಿಸಿದರೆ, ಗಾಳಿ ಒಣಗಿದಾಗ ಹಲಗೆಗೆ ಕುಗ್ಗಲು ಎಡೆಯಿಲ್ಲದೆ ಸೀಳುಬಿಡುತ್ತದೆ. ತೇವ ಶೇ 45–50ರ ಆಸುಪಾಸಿನಲ್ಲಿರುವಾಗಲೇ ಅಂಟಿನ ಕೆಲಸ ನಡೆಯಬೇಕು.

ಪಕ್ಕಗಳನ್ನು ತಾವೇ ಬಗ್ಗಿಸುವವರು ಒದ್ದೆ ಮಾಡಿದ ಪಟ್ಟಿಯನ್ನು ಕಾದ ಲೋಹದ ಕೊಳವೆಗೆ ಒತ್ತಿ ಹಿಡಿಯುತ್ತಾರೆ. ಮರ ಮೆತ್ತಗಾಗಿ ಸೋಲುವುದು ಕೈಗೆ ತಿಳಿಯುತ್ತದೆ; ಅದಕ್ಕೆ ಮೊದಲೇ ಬಲ ಹಾಕಿದರೆ ಮುರಿಯುತ್ತದೆ. ಬಗ್ಗಿದ ಪಕ್ಕಗಳನ್ನು ಅಚ್ಚಿನಲ್ಲಿಟ್ಟು, ಒಳ ಅಂಚಿಗೆ ಪಟ್ಟಿ ಕೊಟ್ಟು, ಮುಂದಿನ ಹಾಗೂ ಹಿಂದಿನ ಹಲಗೆಗಳನ್ನು ಅಂಟಿಸುತ್ತಾರೆ. ಕತ್ತನ್ನು ಬೋಲ್ಟ್‌ನಿಂದ ಜೋಡಿಸಿದರೆ ಮುಂದೆ ಬಿಚ್ಚಿ ಸರಿಪಡಿಸಬಹುದು. ಹೊಸಬರಿಗೆ ಅದೇ ಲೇಸು.

ಬೆರಳುಹಲಗೆಯ ಮೇಲೆ ಅಡ್ಡಕ್ಕೆ ಕೂರುವ ಲೋಹದ ಪಟ್ಟಿಗಳೇ ಫ್ರೆಟ್‌ಗಳು. ಅವುಗಳ ಜಾಗ ಶುದ್ಧ ಲೆಕ್ಕ. ತಂತಿಯ ಉದ್ದ 650 ಮಿ.ಮೀ. ಆದರೆ ಅದನ್ನು 17.817ರಿಂದ ಭಾಗಿಸಿದಾಗ ಬರುವ 36.48 ಮಿ.ಮೀ.ಗೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸಿದರೆ ಎರಡನೆಯದು. ಹನ್ನೆರಡನೆಯದು ಸರಿಯಾಗಿ ನಡುವೆ, 325ಕ್ಕೆ ಬರುತ್ತದೆ. ಹಳಬರು ಬಳಸುತ್ತಿದ್ದ 18ರ ಲೆಕ್ಕದಲ್ಲಿ ಅದು ಎರಡು ಮಿಲಿಮೀಟರ್‌ಗೂ ಹೆಚ್ಚು ಹಿಂದೆಯೇ ನಿಲ್ಲುತ್ತದೆ, ಅಪಸ್ವರಕ್ಕೆ ಅಷ್ಟು ಸಾಕು. ಗುರುತು ಹಾಕುವಾಗ ಪ್ರತಿ ಅಳತೆಯನ್ನೂ ಬೆರಳುಹಲಗೆಯ ಮೇಲ್ತುದಿಯಿಂದಲೇ ತೆಗೆಯಬೇಕು. ಒಂದರಿಂದ ಇನ್ನೊಂದಕ್ಕೆ ಅಳೆದರೆ ತಪ್ಪು ಕೂಡುತ್ತ ಹೋಗುತ್ತದೆ.

ಕೊನೆಗೆ ಹೊಳಪು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕುವ ಫ್ರೆಂಚ್ ಪಾಲಿಶ್‌ಗೆ ಯಂತ್ರ ಬೇಡ, ತಾಳ್ಮೆ ಬೇಕು. ಪದರ ತೆಳುವಾಗಿರುವುದರಿಂದ ದನಿಗೆ ಅಡ್ಡಿಯಿಲ್ಲ. ತಂತಿ ಏರಿಸಿದ ಮೊದಲ ವಾರಗಳಲ್ಲಿ ಮುಂಭಾಗ ಸೆಳೆತಕ್ಕೆ ಒಗ್ಗಿಕೊಳ್ಳುತ್ತ ತುಸು ಮೇಲೇಳುತ್ತದೆ, ಅದರೊಂದಿಗೆ ತಂತಿಗಳ ಎತ್ತರವೂ ಬದಲಾಗುತ್ತದೆ. ಆದ್ದರಿಂದ ಕುದುರೆಯ ಮೇಲಿನ ಮೂಳೆಪಟ್ಟಿಯನ್ನು ಮೊದಲೇ ಪೂರ್ತಿ ಅರೆದುಬಿಡದೆ, ಗಿಟಾರ್ ನೆಲೆಗೊಂಡ ಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ ಎರಡು–ಎರಡೂವರೆ ಮಿಲಿಮೀಟರ್ ಎತ್ತರಕ್ಕೆ ಬರುವಂತೆ ತಗ್ಗಿಸುತ್ತಾರೆ.