ಮೆದುಳಿಗೆ ಕಾಂತ ಚಿಕಿತ್ಸೆ: ಪ್ರಮಾಣ ನಿರ್ಣಯಕ್ಕೆ ಗಣಕಯಂತ್ರದ ನೆರವು

ಔಷಧ ಸೇವಿಸಿಯೂ ಖಿನ್ನತೆ ಕಡಿಮೆಯಾಗದವರಿಗೆ ಮನೋವೈದ್ಯರು ಕೆಲವೊಮ್ಮೆ ‘ಟಿ.ಎಂ.ಎಸ್.’ ಎಂಬ ಚಿಕಿತ್ಸೆಯನ್ನು ಸೂಚಿಸುತ್ತಾರೆ. ಹೆಸರು ಕೇಳಿದೊಡನೆ ‘ತಲೆಗೆ ಕರೆಂಟ್ ಕೊಡುತ್ತಾರಂತೆ’ ಎಂದು ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಗಾಬರಿ ಹುಟ್ಟುವುದುಂಟು. ಇದು ಆ ಚಿಕಿತ್ಸೆಯಲ್ಲ. (ಅದೂ ಇಂದು ಅರಿವಳಿಕೆ ನೀಡಿಯೇ ಮಾಡುವ ಉಪಯುಕ್ತ ಚಿಕಿತ್ಸೆ ಎಂಬುದು ಬೇರೆ ಮಾತು.) ಇಲ್ಲಿ ರೋಗಿಗಳು ಎಚ್ಚರದಲ್ಲಿಯೇ ಕುರ್ಚಿಯ ಮೇಲೆ ಕುಳಿತಿರುತ್ತಾರೆ.

ತಲೆಗೆ ತಾಗಿಸಿದ ತಂತಿಸುರುಳಿಯಲ್ಲಿ ಕ್ಷಣಾರ್ಧ ಪ್ರಬಲ ವಿದ್ಯುತ್ತನ್ನು ಹರಿಸಲಾಗುತ್ತದೆ. ಆಗ ಉಂಟಾಗಿ ಅಡಗುವ ಕಾಂತಕ್ಷೇತ್ರವು ಮೆದುಳಿನೊಳಗೆ ವಿದ್ಯುತ್ ಕ್ಷೇತ್ರವನ್ನು ಪ್ರೇರಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡ ಈ ತತ್ತ್ವದಿಂದಲೇ, 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಬುರುಡೆಯನ್ನು ತೆರೆಯದೆ ಮೆದುಳನ್ನು ಪ್ರಚೋದಿಸಿದರು. ಅಮೆರಿಕೆಯಲ್ಲಿ 2008ರಲ್ಲಿ ಖಿನ್ನತೆಯ ಚಿಕಿತ್ಸೆಗೆ ಇದಕ್ಕೆ ಅನುಮತಿ ದೊರೆಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಚಿಕಿತ್ಸೆಯನ್ನು ನೀಡುತ್ತಿದೆ, ಸಂಶೋಧನೆಯನ್ನೂ ನಡೆಸುತ್ತಿದೆ.

ತೊಡಕಿರುವುದು ಪ್ರಮಾಣದಲ್ಲಿ. ರೋಗಿಯ ಹೆಬ್ಬೆರಳು ಮಿಡಿಯುವಷ್ಟು ಕನಿಷ್ಠ ಬಲವನ್ನು ಅಳೆದು, ಅದರ ಆಧಾರದಿಂದ ವೈದ್ಯರು ಪ್ರಮಾಣ ನಿಗದಿಪಡಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಆ ಸ್ಥಳದಿಂದ 5 ಸೆಂ.ಮೀ. ಮುಂದಕ್ಕೆ ಸುರುಳಿಯನ್ನಿಡುತ್ತಿದ್ದರು. ಆದರೆ ಎಲ್ಲರ ತಲೆಯೂ ಒಂದೇ ಬಗೆಯದಲ್ಲ. ಬುರುಡೆಯ ದಪ್ಪ, ಮೆದುಳಿನ ಮಡಿಕೆ, ಅದನ್ನು ಸುತ್ತುವರಿದ ದ್ರವದ ಪ್ರಮಾಣ ಇವೆಲ್ಲ ಬೇರೆಬೇರೆ. ವಯಸ್ಸಾದಂತೆ ಮೆದುಳು ಕುಗ್ಗಿ ಸುರುಳಿಯಿಂದ ದೂರ ಸರಿಯುತ್ತದೆ. ಅದೇ ಬಲ ಅಲ್ಲಿ ಕ್ಷೀಣಿಸುತ್ತದೆ.

ಎಂ.ಆರ್.ಐ. ಚಿತ್ರದಿಂದ ಪ್ರತಿಯೊಬ್ಬರ ತಲೆಯ ಮಾದರಿಯನ್ನು ರಚಿಸಿ, ಅದನ್ನು ಲಕ್ಷಾಂತರ ಸೂಕ್ಷ್ಮ ಭಾಗಗಳಾಗಿ ವಿಂಗಡಿಸಿ, ವಿದ್ಯುತ್ ಕ್ಷೇತ್ರವನ್ನು ಲೆಕ್ಕಹಾಕಬಹುದು. ಆದರೆ ಮಾದರಿ ಸಿದ್ಧವಾಗಲು ಗಂಟೆಗಳು ಬೇಕು. ಸುರುಳಿ ತುಸು ಸರಿದರೂ ಲೆಕ್ಕವನ್ನು ಮತ್ತೆ ಮಾಡಬೇಕು. ರೋಗಿಯನ್ನು ಕೂರಿಸಿಕೊಂಡು ಇದು ಸಾಧ್ಯವೆ?

ಇಲ್ಲಿ ‘ಡೀಪ್ ಲರ್ನಿಂಗ್’ ನೆರವಿಗೆ ಬಂದಿದೆ. ವರುಷಗಟ್ಟಲೆ ಹತ್ತಿ ಕಂಡ ನಮ್ಮ ಪೇಟೆಯ ದಲಾಲಿಯು ಎಳೆಯನ್ನು ಬೆರಳಲ್ಲಿ ಹಿಂಜಿದೊಡನೆ ದರ್ಜೆ ಹೇಳುವಂತೆ, ಲೆಕ್ಕಹಾಕಿದ ಅನೇಕ ಮಾದರಿಗಳಿಂದ ಕಲಿತ ಗಣಕಯಂತ್ರವು ಹೊಸ ತಲೆಯ ಚಿತ್ರವನ್ನು ನೋಡಿ ಕ್ಷೇತ್ರವನ್ನು ಕ್ಷಣದಲ್ಲಿ ಅಂದಾಜಿಸುತ್ತದೆ. ಜಪಾನಿನ ಸಂಶೋಧಕರನ್ನೊಳಗೊಂಡ ತಂಡವೊಂದು 2019ರಲ್ಲಿ ಇಂಥ ವಿಧಾನವನ್ನು ಪ್ರಕಟಿಸಿತು.

ಇದನ್ನು ಪವಾಡವೆಂದು ಬಗೆಯಬೇಕಿಲ್ಲ. ಪಾರ್ಶ್ವವಾಯುವಿನಿಂದ ಮೆದುಳಿನ ರಚನೆಯೇ ಬದಲಾದವರ ಚಿತ್ರಗಳನ್ನು ಯಂತ್ರ ಮೊದಲು ಕಂಡಿರದಿದ್ದರೆ ಅಂದಾಜು ತಪ್ಪಬಹುದು. ಕ್ಷೇತ್ರ ಎಲ್ಲಿ ಬಿದ್ದಿತೆಂದು ತಿಳಿದ ಮಾತ್ರಕ್ಕೆ ಖಿನ್ನತೆ ನೀಗುವುದೆಂಬ ಭರವಸೆಯೂ ಇಲ್ಲ.

ಚಿಕಿತ್ಸೆ ಬೇಕೆ ಎಂಬುದನ್ನು ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಯ ಮನೋವೈದ್ಯರೊಡನೆ ಚರ್ಚಿಸಿ ನಿರ್ಧರಿಸಬೇಕು. ತಲೆಯಲ್ಲಿ ಲೋಹದ ತುಣುಕು, ಕಿವಿಯೊಳಗೆ ಅಳವಡಿಸಿದ ಶ್ರವಣಯಂತ್ರ ಅಥವಾ ಹಿಂದೆ ಮೂರ್ಛೆರೋಗ ಇದ್ದರೆ ಮೊದಲೇ ತಿಳಿಸುವುದು ಅತ್ಯಗತ್ಯ.