ಮೈಲುತುತ್ತದ ನೀರಿಗೆ ಕರೆಂಟು ಕೊಟ್ಟರೆ

ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಅಲ್ಲಿನ 20 ಮೆಗಾವ್ಯಾಟ್ ವಿದ್ಯುದಾಗಾರದಲ್ಲಿ ನೀರು ಟರ್ಬೈನು ತಿರುಗಿಸಿ ಕರೆಂಟು ಕೊಟ್ಟು, ಮತ್ತೆ ನೀರಾಗಿಯೇ ಹೊಳೆ ಸೇರುತ್ತದೆ. ಕರೆಂಟನ್ನೇ ನೀರೊಳಗೆ ಹರಿಸಿದರೆ ಮಾತ್ರ ಅದು ಜಲಜನಕ, ಆಮ್ಲಜನಕವಾಗಿ ಒಡೆಯುತ್ತದೆ. ವೋಲ್ಟಾನ ಬ್ಯಾಟರಿಯ ಸುದ್ದಿ ಲಂಡನ್ನಿಗೆ ಬಂದ 1800ರಲ್ಲೇ ನಿಕೋಲ್ಸನ್, ಕಾರ್ಲೈಲ್ ಇದನ್ನು ಕಂಡರು. ಶಾಲೆಯ ಪುಸ್ತಕದ ವಿದ್ಯುದ್ವಿಭಜನೆ ಇದೇ.

ಆದರೆ ಬಣ್ಣವಿಲ್ಲದ ಗಾಳಿಯ ಗುಳ್ಳೆ ನೋಡಿ ಹುಡುಗರಿಗೆ ಏನು ತಿಳಿದೀತು? ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಪಾಠಕ್ಕೆ ಮೈಲುತುತ್ತವೇ (ತಾಮ್ರದ ಸಲ್ಫೇಟು) ವಾಸಿ. ಸುಣ್ಣದ ಜೊತೆ ಕಲಸಿ ಅಡಿಕೆ, ಕಾಫಿಗೆ ಹೊಡೆಯುವ ಆ ನೀಲಿ ಹರಳು ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ಗಾಜಿನ ಲೋಟದಲ್ಲಿ ಅದನ್ನು ಕರಗಿಸಿ, ಟಾರ್ಚ್ ಸೆಲ್ಲಿನ ಧನ ತುದಿಗೆ ತಾಮ್ರದ ತಂತಿ, ಋಣ ತುದಿಗೆ ಪೆನ್ಸಿಲಿನ ಗ್ರಾಫೈಟ್ ಕಡ್ಡಿ ಕಟ್ಟಿ ಮುಳುಗಿಸಬೇಕು. ನೀರಿನಲ್ಲಿರುವ ತಾಮ್ರದ ಧನ ಅಯಾನು ಕಡ್ಡಿಗೆ ಬಂದು ಎರಡು ಎಲೆಕ್ಟ್ರಾನು ಪಡೆದು ಲೋಹವಾಗಿ ಕೂರುತ್ತದೆ. ಕಪ್ಪು ಕಡ್ಡಿ ಕೆಂಪಾಗುತ್ತದೆ. ಅತ್ತ ತಂತಿಯ ತಾಮ್ರ ಅಷ್ಟೇ ಕರಗುವುದರಿಂದ ನೀಲಿ ಮಾಸುವುದಿಲ್ಲ. ಎರಡೂ ಕಡೆ ಪೆನ್ಸಿಲಿನ ಕಡ್ಡಿಯೇ ಇಟ್ಟರೆ ನೀಲಿ ತಿಳಿಯಾಗುತ್ತಾ ಬರುತ್ತದೆ, ಧನ ತುದಿಯಲ್ಲಿ ಆಮ್ಲಜನಕದ ಗುಳ್ಳೆ ಏಳುತ್ತದೆ. ಏಕೆಂದು ಮಕ್ಕಳೇ ಹೇಳಲಿ.

ಕಡ್ಡಿಯ ಬದಲು ಕಬ್ಬಿಣದ ಮೊಳೆ ಇಡುವವರಿದ್ದಾರೆ. ಅದು ಮೋಸದ ಪ್ರಯೋಗ. ಸೆಲ್ಲು ಇಲ್ಲದೆಯೂ ಮೊಳೆಗೆ ತಾಮ್ರ ಹತ್ತುತ್ತದೆ; ಕರೆಂಟಿನ ಕೆಲಸ ಯಾವುದು, ಕಬ್ಬಿಣದ್ದು ಯಾವುದು ಎಂದು ಗೊತ್ತಾಗದು.

ಎಷ್ಟು ತಾಮ್ರ ಕೂರುತ್ತದೆ ಎಂಬುದಕ್ಕೆ 1830ರ ದಶಕದಲ್ಲೇ ಫ್ಯಾರಡೆ ಲೆಕ್ಕ ಕೊಟ್ಟ: ಹರಿದ ವಿದ್ಯುತ್ತು ಎಷ್ಟೋ ಲೋಹವೂ ಅಷ್ಟು. ಅರ್ಧ ಆಂಪಿಯರು ಅರ್ಧ ಗಂಟೆ ಹರಿದರೆ 900 ಕೂಲಂಬ್. ಕೂರುವ ತಾಮ್ರ ಸುಮಾರು 0.3 ಗ್ರಾಂ. ತೂಗಲು ಅಕ್ಕಸಾಲಿಗರ ತಕ್ಕಡಿಯೇ ಬೇಕು. ಅವರಿಗೂ ಈ ವಿದ್ಯೆ ಹೊಸದಲ್ಲ: ತಾಮ್ರದ ಜಾಗದಲ್ಲಿ ಚಿನ್ನದ ದ್ರಾವಣ, ಕಡ್ಡಿಯ ಜಾಗದಲ್ಲಿ ಬಳೆ ಇಟ್ಟರೆ ಅದೇ ಗಿಲೀಟು.

ಮನೆಯ ಪ್ಲಗ್ಗಿನ 230 ವೋಲ್ಟಿನ ತಂಟೆಗೆ ಹೋಗಲೇಬಾರದು. ಜೀವಕ್ಕೆ ಅಪಾಯ, ಜೊತೆಗೆ ಆ ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವುದರಿಂದ ಧನ, ಋಣ ಎಂಬುದೇ ನಿಲ್ಲದು. ಅಡಿಗೆ ಉಪ್ಪಿನ ನೀರೂ ಬೇಡ, ವಿಷದ ಕ್ಲೋರಿನ್ ಬರುತ್ತದೆ. ಕಾರವಾರದ ಹತ್ತಿರ ಬಿಣಗಾದ ಕಾರ್ಖಾನೆ ಉಪ್ಪುನೀರನ್ನೇ ಹೀಗೆ ಒಡೆದು ಕಾಸ್ಟಿಕ್ ಸೋಡಾ, ಕ್ಲೋರಿನ್ ತೆಗೆಯುತ್ತದೆ, ನಿಜ. ಅಲ್ಲಿ ಅನಿಲ ಹಿಡಿಯುವ ವ್ಯವಸ್ಥೆ ಇದೆ, ತರಗತಿಯಲ್ಲಿ ಇಲ್ಲ. ಉಳಿದ ಮೈಲುತುತ್ತದ ನೀರನ್ನು ನಾಲೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಬೀರುವಿನಲ್ಲಿಟ್ಟರೆ ಮುಂದಿನ ವರ್ಷದ ಮಕ್ಕಳಿಗೂ ಆಗುತ್ತದೆ.